ತಂಗಿಗೆ ಯಾವ ಧ್ವನಿ? ಸ್ಕ್ರೀನ್ ರೀಡರ್‌ಗೆ ಸ್ಪೀಚ್ ಸಿಂಥಸೈಜರ್ ಹೊಂದಿಸುವ ಬಗೆ

ಪ್ರಶ್ನೆ: ನನ್ನ ತಂಗಿಗೆ ಈಚೆಗೆ ದೃಷ್ಟಿ ಹೋಯಿತು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು, ಬಳಸಲು ಕಲಿತಿದ್ದಾಳೆ. ಅದರ ಯಾಂತ್ರಿಕ ಧ್ವನಿ ಕೇಳಲಾಗದೆ, ಮನುಷ್ಯರಂತೆ ಮಾತನಾಡುವ ಧ್ವನಿಯೊಂದನ್ನು ನಾನೇ ಹಾಕಿಕೊಟ್ಟೆ. ಸ್ವಲ್ಪ ದಿನಕ್ಕೇ ಹಳೆಯದೇ ಬೇಕು ಎಂದು ಹಟ ಹಿಡಿದಿದ್ದಾಳೆ. ಕೆಲವು ಕನ್ನಡ ಕಡತಗಳನ್ನು ತೆರೆದರೆ ಕಂಪ್ಯೂಟರ್ ಮೌನವಾಗಿರುತ್ತದೆ, ಇನ್ನು ಕೆಲವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಒಮ್ಮೆ ಮಾತು ಪೂರ್ತಿ ನಿಂತುಹೋಗಿ, ನಾನು ಮನೆಗೆ ಬರುವವರೆಗೂ ಏನೂ ಮಾಡಲಾಗದೆ ಕುಳಿತಿದ್ದಳು. ಅವಳ ಶಿಕ್ಷಕಿಯೊಬ್ಬರು ಒಂಬತ್ತು ಪಿನ್ನುಗಳ ಕೇಬಲ್ ಇರುವ ಹಳೆಯ ಸಿಂಥಸೈಜರ್ (ಪಠ್ಯವನ್ನು ಮಾತಾಗಿಸುವ) ಪೆಟ್ಟಿಗೆಯನ್ನು ಕೊಡುತ್ತೇನೆ ಎಂದಿದ್ದಾರೆ. ಅದನ್ನು ಜೋಡಿಸಬಹುದೆ? ಒಟ್ಟಾರೆ ಇದನ್ನೆಲ್ಲ ಸರಿಯಾಗಿ ಹೊಂದಿಸುವುದು ಹೇಗೆ?

ಉತ್ತರ: ನಿಮ್ಮ ತಂಗಿ ಹೇಳುತ್ತಿರುವುದೇ ಸರಿ. ಹಳೆಯ ಧ್ವನಿಯನ್ನು ಇವತ್ತೇ ಅವರಿಗೆ ಹಿಂದಿರುಗಿಸಿ. ನೀವು ಹಾಕಿಕೊಟ್ಟ ಧ್ವನಿಗೂ ಒಂದು ಜಾಗವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಣ್ಣು ಕಾಣುವವರು ಧ್ವನಿ ಆರಿಸುವಾಗ ಒಂದು ಪ್ಯಾರಾ ಓದಿಸಿ ಕೇಳುತ್ತಾರೆ. ಇಂಪಾಗಿದೆಯೆ, ಏರಿಳಿತ ಸಹಜವಾಗಿದೆಯೆ ಎಂದು ನೋಡುತ್ತಾರೆ. ಆದರೆ ಸ್ಕ್ರೀನ್ ರೀಡರ್ ಬಳಸುವವರ ದಿನ ಪ್ಯಾರಾ ಕೇಳುವುದರಲ್ಲಿ ಕಳೆಯುವುದಿಲ್ಲ. ಕೀಲಿ ಒತ್ತಿದರೆ ಒಂದು ಅಕ್ಷರ, ಬಾಣದ ಕೀಲಿ ಒತ್ತಿದರೆ ಒಂದು ಸಾಲು, ಟ್ಯಾಬ್ ಒತ್ತಿದರೆ ಒಂದು ಗುಂಡಿಯ ಹೆಸರು. ದಿನವಿಡೀ ತುಂಡು ತುಂಡು ಮಾತುಗಳೇ. ಮೊದಲ ಎರಡು ಅಕ್ಷರ ಕಿವಿಗೆ ಬಿದ್ದೊಡನೆ ತಾನು ಹುಡುಕುತ್ತಿರುವುದು ಇದಲ್ಲ ಎಂದು ಅವರಿಗೆ ಗೊತ್ತಾಗುತ್ತದೆ, ಬೆರಳು ಮುಂದಿನ ಕೀಲಿಗೆ ಹೋಗಿರುತ್ತದೆ. ಹಿಂದಿನ ಮಾತು ಆ ಕ್ಷಣಕ್ಕೇ ನಿಂತು ಹೊಸ ಮಾತು ಶುರುವಾಗಬೇಕು. ಈ ಚುರುಕುತನ ಇಲ್ಲದ ಧ್ವನಿ ಎಷ್ಟೇ ಇಂಪಾಗಿದ್ದರೂ ಕೆಲಸಕ್ಕೆ ಅಡ್ಡ ಬರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ತುಂಬ ಕಡತಗಳಿರುವ ಒಂದು ಫೋಲ್ಡರ್ ತೆರೆಯಿರಿ, ಕಣ್ಣು ಮುಚ್ಚಿಕೊಳ್ಳಿ, ಕೆಳಬಾಣವನ್ನು ಬೇಗ ಬೇಗ ಒತ್ತುತ್ತ ಬೇಕಾದ ಒಂದು ಹೆಸರನ್ನು ಹುಡುಕಿ. ಮೊದಲು ನೀವು ಹಾಕಿದ ಧ್ವನಿಯಲ್ಲಿ, ಆಮೇಲೆ ಹಳೆಯದರಲ್ಲಿ. ಕೀಲಿಗೂ ಮಾತಿಗೂ ನಡುವೆ ಬೀಳುವ ಸಣ್ಣ ತಡ ಪ್ರತಿ ಸಲವೂ ನಿಮ್ಮ ಬೆರಳನ್ನು ಕಾಯಿಸುತ್ತದೆ. ಮಾತಿನ ನಡುವೆ ಕಂಟ್ರೋಲ್ ಕೀಲಿ ಒತ್ತಿ ನೋಡಿ. ಧ್ವನಿ ಕೂಡಲೇ ನಿಲ್ಲಬೇಕು, ಬಾಲ ಎಳೆಯಬಾರದು. ಯಾವ ಸಿಂಥಸೈಜರನ್ನು ಆರಿಸುವಾಗಲೂ ನಾನು ಮೊದಲು ಮಾಡುವುದು ಈ ಎರಡು ಪರೀಕ್ಷೆಗಳನ್ನೇ. ಇಂಪಿನ ವಿಚಾರ ಅವುಗಳ ನಂತರ.

ಈ ವ್ಯತ್ಯಾಸಕ್ಕೆ ಕಾರಣ ಧ್ವನಿ ಹುಟ್ಟುವ ಬಗೆಯಲ್ಲಿದೆ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಯಲ್ಲಿ ಒಬ್ಬ ಮನುಷ್ಯನ ಮಾತಿನ ತುಣುಕುಗಳನ್ನು ಜೋಡಿಸಿ ಮಾತು ಕಟ್ಟುವುದಿಲ್ಲ. ಬಾಯಿ ಮತ್ತು ಗಂಟಲಿನ ಅನುರಣನಗಳನ್ನು ಮುಖ್ಯವಾಗಿ ಲೆಕ್ಕದ ಮೂಲಕವೇ ಉಂಟುಮಾಡಲಾಗುತ್ತದೆ. ಇದಕ್ಕೆ ಫಾರ್ಮೆಂಟ್ ವಿಧಾನ ಎನ್ನುತ್ತಾರೆ. ಲೆಕ್ಕ ಹಗುರವಾದ್ದರಿಂದ ಪಠ್ಯ ಕೈಗೆ ಬಂದೊಡನೆ ಧ್ವನಿ ಹೊರಡುತ್ತದೆ. ವೇಗ ಹೆಚ್ಚಿಸಿದರೂ ವ್ಯಂಜನಗಳ ಅಂಚು ಮಸುಕಾಗುವುದಿಲ್ಲ. ಜೊನಾಥನ್ ಡಡಿಂಗ್‌ಟನ್ ಎಂಬವರು 1995ರಲ್ಲಿ ಏಕಾರ್ನ್ ಕಂಪ್ಯೂಟರಿಗೆಂದು ಬರೆದ ಒಂದು ಚಿಕ್ಕ ತಂತ್ರಾಂಶದಿಂದ ಬೆಳೆದು ಬಂದದ್ದು ಇದು. ನೂರಕ್ಕೂ ಹೆಚ್ಚು ಭಾಷೆಗಳನ್ನು ಮಾತನಾಡುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಮುದ್ರಿತ ಧ್ವನಿಯ ತುಣುಕುಗಳನ್ನು ಪೋಣಿಸುವ ಸಿಂಥಸೈಜರುಗಳೂ ನರಜಾಲ ಆಧರಿಸಿದ ಹೊಸ ಧ್ವನಿಗಳೂ ಕೇಳಲು ಹಿತವಾಗಿರುತ್ತವೆ. ಆದರೆ ಮೊದಲ ಶಬ್ದ ಹೊರಡುವ ಮುನ್ನ ಅವು ಮಾಡಬೇಕಾದ ಕೆಲಸ ಹೆಚ್ಚು, ವೇಗ ಏರಿಸಿದಾಗ ಅಕ್ಷರಗಳು ಒಂದರೊಳಗೊಂದು ಕರಗುತ್ತವೆ. ಅನುಭವಿಗಳಾದ ದೃಷ್ಟಿಹೀನ ಬಳಕೆದಾರರಲ್ಲಿ ಬಹಳ ಮಂದಿ ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳುತ್ತಾರೆ. ಆ ವೇಗದಲ್ಲಿ ನಿಮಗೆ ಒರಟು ಎನಿಸಿದ ಧ್ವನಿಯೇ ಅವರಿಗೆ ಸ್ಪಷ್ಟ.

ಮಾತು ಕಿವಿ ತಲುಪುವ ದಾರಿಯನ್ನು ಒಮ್ಮೆ ತಿಳಿದುಕೊಂಡರೆ ದೋಷ ಹುಡುಕುವುದು ಸುಲಭವಾಗುತ್ತದೆ. ಪರದೆಯ ಮೇಲೇನಿದೆ ಎಂಬುದನ್ನು ಸ್ಕ್ರೀನ್ ರೀಡರ್ ಆಪರೇಟಿಂಗ್ ಸಿಸ್ಟಮ್‌ನಿಂದ ಪಠ್ಯರೂಪದಲ್ಲಿ ಪಡೆಯುತ್ತದೆ. ಅದರ ನಡುವೆ ತನ್ನ ಸೂಚನೆಗಳನ್ನು ಸೇರಿಸುತ್ತದೆ: ಇಲ್ಲಿ ಭಾಷೆ ಬದಲಿಸು, ಇಲ್ಲಿ ಸ್ಥಾಯಿ ಏರಿಸು, ಇಲ್ಲಿಗೆ ಬಂದಾಗ ನನಗೆ ತಿಳಿಸು. ಇದನ್ನು ಡ್ರೈವರ್ ಎಂಬ ದುಭಾಷಿ ಆಯಾ ಸಿಂಥಸೈಜರಿಗೆ ಅರ್ಥವಾಗುವಂತೆ ಬದಲಿಸಿ ಕೊಡುತ್ತದೆ. ಸಿಂಥಸೈಜರ್ ಅದನ್ನು ಉಚ್ಚಾರಣೆಯ ಘಟಕಗಳಾಗಿ, ಆಮೇಲೆ ಧ್ವನಿಯ ಅಲೆಯಾಗಿ ಮಾಡಿ ಆಡಿಯೊ ಸಾಧನಕ್ಕೆ ಕಳಿಸುತ್ತದೆ. ‘ಇಲ್ಲಿಗೆ ಬಂದಾಗ ತಿಳಿಸು’ ಎಂಬ ಸೂಚನೆಗೆ ಇಂಡೆಕ್ಸ್ ಎನ್ನುತ್ತಾರೆ. ಇಡೀ ಪುಟ ಓದುತ್ತಿರುವಾಗ ನಿಲ್ಲಿಸಿದರೆ ಕರ್ಸರ್ ಸರಿಯಾಗಿ ಅದೇ ಜಾಗದಲ್ಲಿರುವುದು ಈ ಇಂಡೆಕ್ಸ್‌ನಿಂದಲೇ. ಯಾವುದೋ ಒಂದು ಧ್ವನಿಯಲ್ಲಿ ಮಾತ್ರ ಓದು ಒಂದೆರಡು ಸಾಲಿಗೆ ನಿಲ್ಲುತ್ತಿದ್ದರೆ, ಅಥವಾ ನಿಲ್ಲಿಸಿದಾಗ ಕರ್ಸರ್ ಬೇರೆಲ್ಲೋ ಇದ್ದರೆ, ಆ ಧ್ವನಿಯ ಡ್ರೈವರ್ ಇಂಡೆಕ್ಸ್ ಅನ್ನು ಸರಿಯಾಗಿ ನಿಭಾಯಿಸುತ್ತಿಲ್ಲ ಎಂದು ಅನುಮಾನಿಸಿ. ಎನ್‌ವಿಡಿಎ ಅನ್ನು ಮರುಸ್ಥಾಪಿಸುವುದರಿಂದ ಅದು ಸರಿಹೋಗದು.

ಈಗ ಹೊಂದಿಸುವ ಕೆಲಸ. ಎನ್‌ವಿಡಿಎ ಕೀಲಿ ಎಂದರೆ ಇನ್ಸರ್ಟ್, ಅಥವಾ ನೀವು ಹಾಗೆ ಆರಿಸಿದ್ದರೆ ಕ್ಯಾಪ್ಸ್ ಲಾಕ್. ಅದರ ಜೊತೆ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಸಿಂಥಸೈಜರ್ ಆರಿಸುವ ಡೈಲಾಗ್ ತೆರೆಯುತ್ತದೆ. ಪಟ್ಟಿಯಲ್ಲಿ ಇಸ್ಪೀಕ್ ಎನ್‌ಜಿ, ವಿಂಡೋಸ್ ಒನ್‌ಕೋರ್ ಧ್ವನಿಗಳು, ಮೈಕ್ರೋಸಾಫ್ಟ್ ಸ್ಪೀಚ್ ಎಪಿಐ 5 ಮತ್ತು ‘ಮಾತು ಬೇಡ’ ಎಂಬ ಆಯ್ಕೆ ಇರುತ್ತವೆ. ಒನ್‌ಕೋರ್ ಧ್ವನಿಗಳನ್ನು ವಿಂಡೋಸ್ ಸೆಟ್ಟಿಂಗ್ಸ್‌ನ ಸಮಯ ಮತ್ತು ಭಾಷೆ ವಿಭಾಗದಲ್ಲಿರುವ ಸ್ಪೀಚ್ ಪುಟದಿಂದ ಸೇರಿಸಿಕೊಳ್ಳಬೇಕು. ಬೇರೆ ಸಂಸ್ಥೆಗಳಿಂದ ಕೊಂಡ ಧ್ವನಿಗಳು ಸಾಮಾನ್ಯವಾಗಿ ಸ್ಪೀಚ್ ಎಪಿಐ 5ರ ಅಡಿಯಲ್ಲಿ ಬರುತ್ತವೆ, ಇಲ್ಲವೆ ಎನ್‌ವಿಡಿಎ ಆಡ್-ಆನ್ ರೂಪದಲ್ಲಿರುತ್ತವೆ.

ಧ್ವನಿ ಸ್ಥಾಪಿಸಿದ್ದೇವೆ, ಪಟ್ಟಿಯಲ್ಲಿ ಕಾಣುತ್ತಿಲ್ಲ ಎಂಬುದು ಪದೇ ಪದೇ ಕೇಳಿಬರುವ ದೂರು. ಎರಡು ಕಾರಣಗಳನ್ನು ಮೊದಲು ನೋಡಿ. ವಿಂಡೋಸ್ 32 ಬಿಟ್ ಮತ್ತು 64 ಬಿಟ್ ಧ್ವನಿಗಳನ್ನು ಬೇರೆ ಬೇರೆ ಕಡೆ ನೋಂದಾಯಿಸುತ್ತದೆ. 32 ಬಿಟ್ ತಂತ್ರಾಂಶಕ್ಕೆ 64 ಬಿಟ್ ಧ್ವನಿಯ ನೋಂದಣಿ ಕಾಣುವುದಿಲ್ಲ. ನಿಮ್ಮ ಸ್ಕ್ರೀನ್ ರೀಡರ್ ಯಾವ ಬಗೆಯದು, ಧ್ವನಿ ಯಾವ ಬಗೆಯದು ಎಂದು ಹೋಲಿಸಿ. ಎರಡನೆಯದು, ವಿಂಡೋಸ್ 11ರಲ್ಲಿ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನ್ಯಾರೇಟರ್‌ಗೆಂದು ಇಳಿಸಿಕೊಳ್ಳುವ ನ್ಯಾಚುರಲ್ ಧ್ವನಿಗಳು ಇತರ ಸ್ಕ್ರೀನ್ ರೀಡರುಗಳ ಪಟ್ಟಿಗೆ ತಾವಾಗಿ ಬರುವುದಿಲ್ಲ. ಅವು ಇಳಿದಿವೆ ಎಂದ ಮಾತ್ರಕ್ಕೆ ಎನ್‌ವಿಡಿಎಯಲ್ಲಿ ಸಿಗುತ್ತವೆ ಎಂದು ನಿರೀಕ್ಷಿಸಬೇಡಿ.

ಸಿಂಥಸೈಜರ್ ಆಯ್ಕೆಯಾದ ಮೇಲೆ ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ವಿ ಒತ್ತಿದರೆ ಆ ಧ್ವನಿಯ ಸೆಟ್ಟಿಂಗ್ಸ್ ತೆರೆಯುತ್ತವೆ: ಧ್ವನಿ, ಪ್ರಭೇದ, ವೇಗ, ಸ್ಥಾಯಿ, ಧ್ವನಿಮಟ್ಟ, ಏರಿಳಿತ. ಇಲ್ಲಿ ನನ್ನ ಒಂದು ಬಲವಾದ ಸಲಹೆ ಇದೆ. ಈ ಪುಟದಲ್ಲಿ ಮೌಸ್ ಹಿಡಿದು ಕೂರುವವರು ನೀವಾಗಬೇಡಿ. ಕೇಳುವ ಕಿವಿ ಅವರದು, ಹೊಂದಿಸುವ ಕೈಯೂ ಅವರದೇ ಆಗಬೇಕು. ಅದಕ್ಕೆ ಡೈಲಾಗ್ ತೆರೆಯುವ ಅಗತ್ಯವೂ ಇಲ್ಲ. ಎನ್‌ವಿಡಿಎ ಕೀಲಿ ಮತ್ತು ಕಂಟ್ರೋಲ್ ಒತ್ತಿಹಿಡಿದು ಎಡ ಬಲ ಬಾಣಗಳಿಂದ ಯಾವ ಗುಣ ಎಂಬುದನ್ನು ಆರಿಸಿ, ಮೇಲೆ ಕೆಳಗಿನ ಬಾಣಗಳಿಂದ ಬೆಲೆ ಬದಲಿಸಬಹುದು. ಕೀಲಿಗಳ ವಿನ್ಯಾಸವನ್ನು ಲ್ಯಾಪ್‌ಟಾಪ್ ಎಂದು ಇಟ್ಟುಕೊಂಡಿದ್ದರೆ ಜೊತೆಗೆ ಶಿಫ್ಟ್ ಕೂಡ ಬೇಕು. ಪರಿಚಿತ ಪಠ್ಯ ಓದುವಾಗ ವೇಗ ಏರಿಸಿ, ಕಷ್ಟದ ಲೆಕ್ಕಪತ್ರ ಬಂದಾಗ ಇಳಿಸಿ, ಹೀಗೆ ದಿನದಲ್ಲಿ ಹಲವು ಸಲ ಬದಲಿಸಿಕೊಳ್ಳುವುದು ಅಭ್ಯಾಸವಾಗಬೇಕು.

ವೇಗವನ್ನು ಒಂದೇ ಸಲ ಏರಿಸುವುದು ಬೇಡ. ಈಗ ಆರಾಮವಾಗಿ ಅರ್ಥವಾಗುವ ಮಟ್ಟಕ್ಕಿಂತ ಒಂದು ಹೆಜ್ಜೆ ಮೇಲಿಟ್ಟು ಕೆಲವು ದಿನ ಬಳಸಲಿ, ಅದು ಸಹಜವೆನಿಸಿದಾಗ ಮತ್ತೊಂದು ಹೆಜ್ಜೆ. ವೇಗ ಹೆಚ್ಚಾದಂತೆ ಏರಿಳಿತವನ್ನು ಸ್ವಲ್ಪ ತಗ್ಗಿಸಿದರೆ ಮಾತು ಹೆಚ್ಚು ಸ್ಪಷ್ಟವಾಗುತ್ತದೆ. ಇಸ್ಪೀಕ್ ತಾನಾಗಿ ನಿಮಿಷಕ್ಕೆ 175 ಪದಗಳ ವೇಗದಲ್ಲಿ ಮಾತನಾಡುತ್ತದೆ. ನಿಮಿಷಕ್ಕೆ 450 ಪದಗಳವರೆಗೂ ಏರಿಸಬಹುದು. ರೇಟ್ ಬೂಸ್ಟ್ ಎಂಬ ಆಯ್ಕೆ ಅದನ್ನೂ ದಾಟಿಸುತ್ತದೆ. ಹೊಸಬರಿಗೆ ಅದು ಈಗಲೇ ಬೇಕಿಲ್ಲ. ಇಸ್ಪೀಕ್‌ನ ಗಡಸುತನ ತಂಗಿಯವರಿಗೇ ಕಿರಿಕಿರಿ ಎನಿಸಿದರೆ ಅದನ್ನು ಬಿಡುವ ಮೊದಲು ಪ್ರಭೇದಗಳನ್ನು ಒಂದೊಂದಾಗಿ ಕೇಳಿ ನೋಡಲಿ. ಒಂದೇ ಸಿಂಥಸೈಜರಿನೊಳಗೆ ಸ್ವಭಾವ ಎಷ್ಟು ಬದಲಾಗುತ್ತದೆ ಎಂಬುದು ಕೇಳಿದವರಿಗೇ ಗೊತ್ತು. ಚಿಹ್ನೆಗಳನ್ನು ಎಷ್ಟರ ಮಟ್ಟಿಗೆ ಓದಬೇಕು ಎಂಬುದನ್ನು ಎನ್‌ವಿಡಿಎ ಕೀಲಿ ಮತ್ತು ಪಿ ಬದಲಿಸುತ್ತವೆ. ಕಥೆ ಓದಲು ಕಡಿಮೆ ಸಾಕು, ಮಿಂಚಂಚೆ ವಿಳಾಸ ತಿದ್ದಲು ಎಲ್ಲವೂ ಬೇಕು.

ಇನ್ನು ನೀವು ಪ್ರೀತಿಯಿಂದ ಹಾಕಿಕೊಟ್ಟ ಇಂಪಾದ ಧ್ವನಿ. ಅದನ್ನು ದೀರ್ಘ ಓದಿಗೆ ಮೀಸಲಿಡಬಹುದು. ಎನ್‌ವಿಡಿಎಯಲ್ಲಿ ಕಾನ್ಫಿಗರೇಶನ್ ಪ್ರೊಫೈಲ್ ಎಂಬ ಸೌಲಭ್ಯವಿದೆ. ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ಪಿ ಒತ್ತಿ, ಹೊಸ ಪ್ರೊಫೈಲ್‌ಗೆ ಹೋಗಿ, ಒಂದು ಹೆಸರು ಕೊಡಿ. ಅದನ್ನು ಯಾವುದಕ್ಕೆ ಬಳಸಬೇಕು ಎಂಬಲ್ಲಿ ‘ಸೇ ಆಲ್’, ಅಂದರೆ ಎಲ್ಲವನ್ನೂ ಓದುವಾಗ ಎಂಬುದನ್ನು ಆರಿಸಿ. ಪ್ರೊಫೈಲ್ ತಿದ್ದಬೇಕಾದರೆ ಅದನ್ನು ಕೈಯಾರೆ ಸಕ್ರಿಯಗೊಳಿಸಬೇಕು, ಈಗ ಮಾಡಲೇ ಎಂದು ಕೇಳುತ್ತದೆ. ಹೌದು ಎನ್ನಿ, ಆಗ ಇಂಪಾದ ಧ್ವನಿಯನ್ನೂ ಅದಕ್ಕೊಪ್ಪುವ ವೇಗವನ್ನೂ ಹೊಂದಿಸಿ, ಉಳಿಸಿ, ಮತ್ತೆ ಅದೇ ಡೈಲಾಗ್‌ನಲ್ಲಿ ಪ್ರೊಫೈಲನ್ನು ಕೈಯಾರೆ ನಿಷ್ಕ್ರಿಯಗೊಳಿಸಿ. ಈ ಕೊನೆಯ ಹೆಜ್ಜೆಯನ್ನು ಮರೆತರೆ ಇಂಪಾದ ಧ್ವನಿಯೇ ಎಲ್ಲ ಕಡೆ ಉಳಿದುಬಿಡುತ್ತದೆ. ಇಷ್ಟಾದ ಮೇಲೆ ಕೀಲಿಗಳಲ್ಲಿ ಓಡಾಡುವಾಗ ಚುರುಕಾದ ಇಸ್ಪೀಕ್ ಮಾತನಾಡುತ್ತದೆ. ಎನ್‌ವಿಡಿಎ ಕೀಲಿ ಮತ್ತು ಕೆಳಬಾಣ ಒತ್ತಿ, ಲ್ಯಾಪ್‌ಟಾಪ್ ವಿನ್ಯಾಸದಲ್ಲಾದರೆ ಎನ್‌ವಿಡಿಎ ಕೀಲಿ ಮತ್ತು ಎ ಒತ್ತಿ, ಇಡೀ ಲೇಖನ ಓದಿಸಿದಾಗ ಇಂಪಾದ ಧ್ವನಿ ಬರುತ್ತದೆ. ಧ್ವನಿ ಬದಲಾಗುವಾಗ ಒಂದು ಚಿಕ್ಕ ನಿಲುಗಡೆ ಇರುತ್ತದೆ, ಪುಟಗಟ್ಟಲೆ ಓದುವಾಗ ಅದು ಬಾಧಿಸದು. ಈ ಏರ್ಪಾಡು ಬೇಕೋ ಬೇಡವೋ ಎಂಬುದನ್ನೂ ತಂಗಿಯವರೇ ಹೇಳಲಿ.

ಕನ್ನಡದ ತೊಂದರೆಗೆ ಬರೋಣ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಪರಿಹಾರವೂ ಬೇರೆ.

ಮೌನ ಮೊದಲನೆಯದು. ಇಂಗ್ಲಿಷ್ ಮಾತ್ರ ಬಲ್ಲ ಧ್ವನಿಗೆ ಕನ್ನಡ ಅಕ್ಷರ ಕೊಟ್ಟರೆ ಬಹುತೇಕ ಅದು ಏನೂ ಹೇಳದೆ ದಾಟಿಹೋಗುತ್ತದೆ. ಭಾಷೆಯನ್ನು ತಾನಾಗಿ ಬದಲಿಸುವ ಆಯ್ಕೆ ಎನ್‌ವಿಡಿಎಯಲ್ಲಿದೆ ನಿಜ, ಆದರೆ ಅದು ನೋಡುವುದು ಕಡತದಲ್ಲಿ ಬರೆದಿಟ್ಟ ಭಾಷೆಯ ಗುರುತನ್ನು. ಜಾಲಪುಟದಲ್ಲಿ ಆ ಗುರುತನ್ನು ಪುಟ ಮಾಡಿದವರು ಹಾಕಿರಬೇಕು. ವರ್ಡ್ ಕಡತದಲ್ಲಿ ಆಯಾ ಭಾಗಕ್ಕೆ ಕನ್ನಡ ಎಂದು ಭಾಷೆ ನಿಗದಿಯಾಗಿರಬೇಕು. ನೋಟ್‌ಪ್ಯಾಡ್‌ನ ಬರಿಯ ಪಠ್ಯದಲ್ಲಿ ಇಂಥ ಗುರುತಿಗೆ ಜಾಗವೇ ಇಲ್ಲ. ಗುರುತಿದ್ದರೂ ಆಯ್ಕೆಯಾದ ಸಿಂಥಸೈಜರಿನಲ್ಲಿ ಕನ್ನಡ ಧ್ವನಿ ಇಲ್ಲದಿದ್ದರೆ ಬದಲಿಸಿಕೊಳ್ಳಲು ಏನೂ ಸಿಗುವುದಿಲ್ಲ. ಹೆಚ್ಚು ಕನ್ನಡ ಓದುವವರಿಗೆ ನೇರ ದಾರಿಯೆಂದರೆ ಇಸ್ಪೀಕ್‌ನಲ್ಲಿ ಕನ್ನಡವನ್ನೇ ಮುಖ್ಯ ಧ್ವನಿಯಾಗಿ ಇಡುವುದು. ನಡುವೆ ಬರುವ ಇಂಗ್ಲಿಷ್ ಪದಗಳನ್ನು ಅದು ಇಂಗ್ಲಿಷ್ ನಿಯಮದಂತೆಯೇ ಓದುತ್ತದೆ, ಆದ್ದರಿಂದ ಬೆರಕೆ ಪಠ್ಯದಲ್ಲಿ ಯಾವುದೂ ಬಿಟ್ಟುಹೋಗುವುದಿಲ್ಲ. ಅದರ ಕನ್ನಡ ಉಚ್ಚಾರಣೆ ಮೊದಮೊದಲು ಒರಟಾಗಿ ಕೇಳುತ್ತದೆ. ಕಿವಿ ಪಳಗಿದ ಮೇಲೆ ದೀರ್ಘ ಹ್ರಸ್ವಗಳೂ ಒತ್ತಕ್ಷರಗಳೂ ಬೇರೆಬೇರೆಯಾಗಿ ಸಿಗುತ್ತವೆ, ಬರವಣಿಗೆ ತಿದ್ದುವವರಿಗೆ ಅದೇ ಮುಖ್ಯ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳದ್ದು ಧ್ವನಿಯ ದೋಷವಲ್ಲ, ಕಡತದ್ದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ಆಕಾರ ತೊಡಿಸಿ ಕಣ್ಣಿಗೆ ತೋರಿಸುತ್ತದೆ, ಅಷ್ಟೆ. ಸ್ಕ್ರೀನ್ ರೀಡರ್ ಓದುವುದು ಆಕಾರವನ್ನಲ್ಲ, ಒಳಗಿನ ಸಂಕೇತವನ್ನು. ಹೀಗಾಗಿ ನಿಮಗೆ ಚೆನ್ನಾಗಿ ಕಾಣುವ ಪುಟ ಅವರಿಗೆ ಗೊಂದಲವಾಗಿ ಕೇಳುತ್ತದೆ. ಕಡತ ಯಾವ ಬಗೆಯದು ಎಂದು ತಂಗಿಯವರೇ ಕಂಡುಕೊಳ್ಳಬಹುದು. ಅಕ್ಷರದ ಮೇಲೆ ನಿಂತು ನಂಬರ್ ಪ್ಯಾಡಿನ 2ನ್ನು, ಲ್ಯಾಪ್‌ಟಾಪ್ ವಿನ್ಯಾಸದಲ್ಲಾದರೆ ಎನ್‌ವಿಡಿಎ ಕೀಲಿ ಮತ್ತು ಚುಕ್ಕಿಯನ್ನು, ಬೇಗ ಬೇಗ ಮೂರು ಸಲ ಒತ್ತಿದರೆ ಆ ಅಕ್ಷರದ ಸಂಖ್ಯೆಯನ್ನು ಹೇಳುತ್ತದೆ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. ಹೇಳಿದ ಸಂಖ್ಯೆ ಇದರೊಳಗಿದ್ದರೆ ಕಡತ ಸರಿಯಿದೆ, ಧ್ವನಿಯನ್ನು ಸರಿಪಡಿಸಬೇಕು. 255ಕ್ಕಿಂತ ಕೆಳಗಿನ ಸಂಖ್ಯೆ ಬಂದರೆ ಅದು ಹಳೆಯ ಫಾಂಟಿನ ಕಡತ. ಅದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿದ ಮೇಲಷ್ಟೇ ಓದಿಸಬೇಕು. ನುಡಿ ಮತ್ತು ಬರಹ ಎರಡರಲ್ಲೂ ಅಂಥ ಪರಿವರ್ತಕಗಳಿವೆ. ಕಡತ ಕಳಿಸುವ ಗೆಳೆಯರಿಗೂ ಕಚೇರಿಗಳಿಗೂ ಯುನಿಕೋಡ್‌ನಲ್ಲೇ ಕಳಿಸಿ ಎಂದು ಖಡಾಖಂಡಿತವಾಗಿ ಕೇಳಿ. ಇದರಲ್ಲಿ ಸಂಕೋಚ ಬೇಡ, ಓದುವ ಹಕ್ಕಿನ ಮಾತಿದು.

ಯುನಿಕೋಡ್‌ನಲ್ಲಿರುವ ಕಡತದಲ್ಲೂ ಒಂದು ಸೂಕ್ಷ್ಮ ದೋಷ ಆಗಾಗ ಸಿಗುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಪದದ ನಡುವೆ ಅಂಕಿ ಸಿಕ್ಕಿದರೆ ಸಿಂಥಸೈಜರ್ ಪದವನ್ನು ಒಡೆದು ಸೊನ್ನೆ ಎಂದು ಓದುತ್ತದೆ. ಇಂಥದ್ದು ಕಂಡರೆ ಹುಡುಕಿ ಬದಲಿಸುವ ಸೌಲಭ್ಯದಿಂದ ಕಡತವನ್ನೇ ತಿದ್ದಿ. ಆದರೆ ನಿಜವಾದ ಸೊನ್ನೆಗಳು ಅನುಸ್ವಾರವಾಗದಂತೆ ಒಂದೊಂದನ್ನೇ ಕೇಳಿ ಬದಲಿಸಿ.

ಉಚ್ಚಾರಣೆ ತಿದ್ದಲು ಎನ್‌ವಿಡಿಎಯಲ್ಲಿ ಸ್ಪೀಚ್ ಡಿಕ್ಷನರಿ ಇದೆ. ಅದರಲ್ಲಿ ಮೂರು ಬಗೆ: ಎಲ್ಲ ಧ್ವನಿಗಳಿಗೂ ಅನ್ವಯಿಸುವುದು, ಈಗಿನ ಧ್ವನಿಗೆ ಮಾತ್ರ ಸೇರಿದ್ದು, ಎನ್‌ವಿಡಿಎ ಮುಚ್ಚಿದಾಗ ಅಳಿಸಿಹೋಗುವ ತಾತ್ಕಾಲಿಕ ಬಗೆ. ಒಂದು ಧ್ವನಿ ತಪ್ಪು ಉಚ್ಚರಿಸುವ ಹೆಸರನ್ನು ಆ ಧ್ವನಿಯ ನಿಘಂಟಿನಲ್ಲೇ ತಿದ್ದಬೇಕು, ಇಲ್ಲವಾದರೆ ಅದನ್ನು ಸರಿಯಾಗಿ ಹೇಳುತ್ತಿದ್ದ ಇನ್ನೊಂದು ಧ್ವನಿ ಕೆಡುತ್ತದೆ. ಸಂಕ್ಷೇಪಗಳನ್ನು ಸೇರಿಸುವಾಗ ಎಚ್ಚರ ಬೇಕು. ‘ಡಾ’ ಎಂಬಲ್ಲೆಲ್ಲ ‘ಡಾಕ್ಟರ್’ ಎನ್ನು ಎಂದು ಬರೆದಿಟ್ಟರೆ ಡಾಂಬರು, ನಡಾವಳಿ ಎಲ್ಲ ಹಾಳಾಗುತ್ತವೆ. ಚುಕ್ಕಿಯನ್ನೂ ಸೇರಿಸಿಯೇ ಬರೆಯಿರಿ. ಪೂರ್ಣ ಪದಕ್ಕೆ ಮಾತ್ರ ಎಂಬ ಆಯ್ಕೆ ಕನ್ನಡದ ಸ್ವರಚಿಹ್ನೆಗಳ ಬಳಿ ಎಡವುವುದುಂಟು, ಅದನ್ನು ಬಳಸಿದರೆ ಒಂದು ನಾಲ್ಕು ಸಾಲು ಓದಿಸಿ ಖಚಿತಪಡಿಸಿಕೊಳ್ಳಿ.

ಮಾತು ಪೂರ್ತಿ ನಿಂತ ದಿನದ ವಿಚಾರ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿತು. ಒಬ್ಬರು ಬಂದು ಬಿಡಿಸುವವರೆಗೆ ಕಾಯಬೇಕಾದ ಸ್ಥಿತಿ ಇನ್ನೊಮ್ಮೆ ಬರಬಾರದು. ಅದಕ್ಕೆ ಬೇಕಾದ ಕೀಲಿಗಳು ತಂಗಿಯವರ ಬೆರಳಿಗೆ ಬಾಯಿಪಾಠವಾಗಿರಬೇಕು.

ಮೊದಲು ಎನ್‌ವಿಡಿಎ ಕೀಲಿ ಮತ್ತು ಎಸ್. ಇದು ಮಾತಿನ ಸ್ಥಿತಿಯನ್ನು ಬದಲಿಸುತ್ತದೆ. ತಿಳಿಯದೆ ಒತ್ತಿ ಮಾತು ಆಫ್ ಆಗಿರುವುದು ತೀರ ಸಾಮಾನ್ಯ. ಒಮ್ಮೆ ಒತ್ತಿ, ತುಸು ಕಾದು, ಬಾಣದ ಕೀಲಿ ಒತ್ತಿ ನೋಡಬೇಕು; ಮಾತು ಬಾರದಿದ್ದರೆ ಮತ್ತೆ. ಒಂದೇ ತಂತ್ರಾಂಶದೊಳಗೆ ಮಾತ್ರ ಮೌನವಿದ್ದು ಬೇರೆಡೆ ಮಾತಿದ್ದರೆ ಅಲ್ಲಿ ಸ್ಲೀಪ್ ಮೋಡ್, ಅಂದರೆ ಆ ತಂತ್ರಾಂಶದಲ್ಲಿ ಎನ್‌ವಿಡಿಎ ಸುಮ್ಮನಿರುವ ಸ್ಥಿತಿ, ಆನ್ ಆಗಿರಬಹುದು. ಆಮೇಲೆ ಕಂಟ್ರೋಲ್, ಆಲ್ಟ್ ಮತ್ತು ಎನ್: ಎನ್‌ವಿಡಿಎ ಹೊಸದಾಗಿ ಶುರುವಾಗುತ್ತದೆ. ಆಗಲೂ ಮಾತಿಲ್ಲವೆಂದರೆ ಸಿಂಥಸೈಜರ್ ಕೆಟ್ಟಿರಬಹುದು. ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ಎಸ್ ಒತ್ತಿ, ಡೈಲಾಗ್ ತೆರೆಯಲು ಒಂದು ಕ್ಷಣ ಬಿಟ್ಟು, ಇಂಗ್ಲಿಷ್ ಇ ಮತ್ತು ಎಸ್ ಅಕ್ಷರಗಳನ್ನು ಬೇಗ ಟೈಪ್ ಮಾಡಿ ಎಂಟರ್ ಒತ್ತಿದರೆ ಇಸ್ಪೀಕ್ ಆಯ್ಕೆಯಾಗಿ ಮಾತು ಬರುತ್ತದೆ. ಕೀಲಿಮಣೆ ಆಗ ಕನ್ನಡದಲ್ಲಿದ್ದರೆ ಇದು ಕೆಲಸ ಮಾಡದು, ಮೊದಲು ಇಂಗ್ಲಿಷ್‌ಗೆ ಬದಲಿಸಿಕೊಳ್ಳಬೇಕು. ಕೊನೆಯ ಉಪಾಯ, ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ಆರ್ ಅನ್ನು ಬೇಗ ಬೇಗ ಮೂರು ಸಲ ಒತ್ತುವುದು. ಎಲ್ಲ ಸೆಟ್ಟಿಂಗ್ಸ್ ಮೂಲ ಸ್ಥಿತಿಗೆ ಮರಳುತ್ತವೆ. ಇದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ವಿಂಡೋಸ್ ಮತ್ತು ಎಂಟರ್ ಒತ್ತಿ ವಿಂಡೋಸ್‌ನ ಸ್ವಂತ ನ್ಯಾರೇಟರನ್ನು ಎಬ್ಬಿಸಬಹುದು. ನ್ಯಾರೇಟರ್ ಕೂಡ ಮೌನವಾಗಿದ್ದರೆ ದೋಷ ಸಿಂಥಸೈಜರಿನದಲ್ಲ, ಆಡಿಯೊ ಸಾಧನದ್ದು. ಹೊರಗಿನ ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಹಾಕಿದಾಗ ಧ್ವನಿಯೂ ಸ್ಪೀಕರಿಲ್ಲದ ಆ ಮಾನಿಟರಿಗೇ ಹೋಗಿಬಿಡುವುದು ಬಹಳ ಕಂಡುಬರುವ ಸಂಗತಿ. ಬ್ಲೂಟೂತ್ ಹೆಡ್‌ಫೋನ್ ಬೇರೊಂದು ಫೋನಿಗೆ ಅಂಟಿಕೊಂಡಿರುವುದೂ ಅಷ್ಟೇ ಸಾಮಾನ್ಯ.

ಇದನ್ನೆಲ್ಲ ಆಪತ್ತಿನಲ್ಲಿ ಕಲಿಯಲಾಗದು. ಎಲ್ಲವೂ ಸರಿಯಿರುವ ದಿನ ತಂಗಿಯವರೇ ಸಿಂಥಸೈಜರ್ ಪಟ್ಟಿಯಲ್ಲಿ ‘ಮಾತು ಬೇಡ’ ಎಂಬುದನ್ನು ಆರಿಸಲಿ. ಯಂತ್ರ ಮೌನವಾಗುತ್ತದೆ. ಈಗ ಯಾರ ನೆರವೂ ಇಲ್ಲದೆ ಮಾತನ್ನು ಮರಳಿ ತರಲಿ. ನೀವು ಪಕ್ಕದಲ್ಲಿರಿ, ಆದರೆ ಕೀಲಿಮಣೆ ಮುಟ್ಟಬೇಡಿ. ಅವರಿಗೆ ಅನುಮಾನವೇ ಉಳಿಯದಷ್ಟು ಸಲ ಇದು ನಡೆಯಲಿ.

ಲಾಗಿನ್ ಪರದೆಯನ್ನೂ ಗಮನಿಸಿ. ನೀವು ಇಲ್ಲಿ ಮಾಡಿದ ಬದಲಾವಣೆಗಳು ಪಾಸ್‌ವರ್ಡ್ ಕೇಳುವ ಪರದೆಗೆ ತಾವಾಗಿ ಹೋಗುವುದಿಲ್ಲ. ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ, ಉಳಿಸಿದ ಸೆಟ್ಟಿಂಗ್ಸ್‌ಗಳನ್ನು ಲಾಗಿನ್ ಮತ್ತು ಸುರಕ್ಷಿತ ಪರದೆಗಳಲ್ಲೂ ಬಳಸುವ ಗುಂಡಿ ಇದೆ. ಅದನ್ನು ಒತ್ತಿದರೆ ಆಡ್-ಆನ್‌ಗಳೂ ಅಲ್ಲಿಗೆ ನಕಲಾಗುತ್ತವೆ, ಆದ್ದರಿಂದ ಮೂಲ ಗೊತ್ತಿಲ್ಲದ ಆಡ್-ಆನ್‌ಗಳನ್ನು ಮೊದಲೇ ತೆಗೆದುಹಾಕಿ. ಆ ಪರದೆಗೆ ಯಾವಾಗಲೂ ಇಸ್ಪೀಕ್ ಇರಲಿ ಎಂಬುದು ನನ್ನ ಅಭಿಪ್ರಾಯ. ಪರವಾನಗಿ ಮುಗಿಯುವ, ನವೀಕರಣದಲ್ಲಿ ಮುರಿಯುವ ಧ್ವನಿಯನ್ನು ಬಾಗಿಲಲ್ಲೇ ನಿಲ್ಲಿಸಬಾರದು.

ಬ್ಲೂಟೂತ್ ಹೆಡ್‌ಫೋನ್ ಬಳಸುವಾಗ ಪ್ರತಿ ಮಾತಿನ ಮೊದಲ ಅಕ್ಷರ ನುಂಗಿಹೋದಂತೆ ಕೇಳಿದರೆ ಕಾರಣ ಸಾಧನ ನಿದ್ರೆಗೆ ಜಾರುವುದು. ಎನ್‌ವಿಡಿಎಯ ಈಚಿನ ಆವೃತ್ತಿಗಳ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ, ಮಾತು ಮುಗಿದ ಮೇಲೆ ಸಾಧನವನ್ನು ಎಷ್ಟು ಹೊತ್ತು ಎಚ್ಚರವಾಗಿಡಬೇಕು ಎಂಬ ಅಂಕಿ ಇದೆ, ಅದನ್ನು ಹೆಚ್ಚಿಸಿ. ಕೆಲಸದ ಹೊತ್ತಿಗೆ ತಂತಿಯ ಹೆಡ್‌ಫೋನೇ ಲೇಸು, ಬ್ಲೂಟೂತ್ ತನ್ನದೇ ಆದ ತಡವನ್ನು ಸೇರಿಸುತ್ತದೆ.

ಕೊನೆಗೆ ಶಿಕ್ಷಕಿಯವರ ಪೆಟ್ಟಿಗೆ. ಕಂಪ್ಯೂಟರಿನ ಪ್ರೊಸೆಸರಿಗೆ ಮಾತು ಹುಟ್ಟಿಸುವಷ್ಟು ಶಕ್ತಿ ಇಲ್ಲದಿದ್ದ ಕಾಲದಲ್ಲಿ ಆ ಕೆಲಸವನ್ನು ಇಂಥ ಪೆಟ್ಟಿಗೆಗಳು ಮಾಡುತ್ತಿದ್ದವು. 1984ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಂದ ಡೆಕ್‌ಟಾಕ್ ಅವುಗಳಲ್ಲಿ ಹೆಸರಾದದ್ದು. ಎಂಐಟಿಯ ಡೆನಿಸ್ ಕ್ಲಾಟ್ ಅವರ ಸಂಶೋಧನೆಯ ಮೇಲೆ ನಿಂತದ್ದು, ಅದರ ಮುಖ್ಯ ಧ್ವನಿಗೆ ಮಾದರಿ ಅವರದೇ ಧ್ವನಿ. ಈ ಪೆಟ್ಟಿಗೆಗಳಿಗೆ ಪಠ್ಯ ಹೋಗುವುದು ಸೀರಿಯಲ್ ಪೋರ್ಟ್, ಅಂದರೆ ಆ ಒಂಬತ್ತು ಪಿನ್ನುಗಳ ಕೇಬಲ್ ಸೇರುವ ಕಿಂಡಿಯ ಮೂಲಕ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲದಿದ್ದರೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕು. ಸಾಮಾನ್ಯವಾಗಿ ನಡೆಯುವ ಹೊಂದಾಣಿಕೆ 9600 ಬಾಡ್, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಚಿಕ್ಕ ಮಾತು ಸರಿಯಾಗಿ ಬಂದು, ಉದ್ದದ ಪಠ್ಯದಲ್ಲಿ ನಡುನಡುವೆ ಪದಗಳು ಮಾಯವಾದರೆ ಫ್ಲೋ ಕಂಟ್ರೋಲ್ ತಪ್ಪಿದೆ ಎಂದರ್ಥ: ‘ನನ್ನ ನೆನಪು ತುಂಬಿತು, ನಿಲ್ಲಿಸು’ ಎಂದು ಪೆಟ್ಟಿಗೆ ಹೇಳುತ್ತಿದೆ, ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿಲ್ಲ. ಸೀರಿಯಲ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ತಂತ್ರಾಂಶ ಹಿಡಿದಿರಬಹುದು ಎಂಬುದೂ ನೆನಪಿರಲಿ.

ಆದರೆ ಎನ್‌ವಿಡಿಎ ಜೊತೆಗೆ ಇಂಥ ಪೆಟ್ಟಿಗೆಗಳ ಡ್ರೈವರ್ ಬರುವುದಿಲ್ಲ. ಇವು ನೇರವಾಗಿ ಕೆಲಸಕ್ಕೆ ಬರುವುದು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಅಲ್ಲಿ ಅದರ ತಿರುಳಾದ ಕರ್ನಲ್‌ನೊಳಗೇ ಇರುವ ಸ್ಪೀಕಪ್ ಎಂಬ ಸ್ಕ್ರೀನ್ ರೀಡರ್ ಡೆಕ್‌ಟಾಕ್ ಎಕ್ಸ್‌ಪ್ರೆಸ್, ಲೈಟ್‌ಟಾಕ್, ಅಪೋಲೊ, ಆಕ್ಸೆಂಟ್ ಎಸ್‌ಎ, ಬ್ರೈಲ್ ಎನ್ ಸ್ಪೀಕ್ ಮುಂತಾದವನ್ನು ಬಲ್ಲದು. ಚಿತ್ರಾತ್ಮಕ ಪರದೆಯಲ್ಲಿ ಅದು ಮಾತನಾಡದು, ಪಠ್ಯದ ಕನ್ಸೋಲ್‌ನಲ್ಲಿ ಮಾತ್ರ. ಆದರೆ ಸೌಂಡ್ ಕಾರ್ಡಿನ ಹಂಗಿಲ್ಲದೆ, ಯಂತ್ರ ಏಳುವ ಹೊತ್ತಿನ ಸಂದೇಶಗಳನ್ನೂ ಓದಬಲ್ಲದು. ಸರ್ವರ್ ನೋಡಿಕೊಳ್ಳುವ ದೃಷ್ಟಿಹೀನ ತಂತ್ರಜ್ಞರಿಗೆ ಇದರ ಬೆಲೆ ಗೊತ್ತು. ತಂಗಿಯವರ ಈಗಿನ ಓದು ಬರಹಕ್ಕೆ ಇದು ಬೇಕಾಗುವುದಿಲ್ಲ, ಈ ಪೆಟ್ಟಿಗೆಗಳಿಗೆ ಕನ್ನಡವೂ ಬಾರದು. ಮುಂದೆ ಲಿನಕ್ಸ್ ಕಲಿಯುವ ಆಸೆ ಅವರಿಗಿದ್ದರೆ ಮಾತ್ರ ತೆಗೆದುಕೊಳ್ಳಿ. ತೆಗೆದುಕೊಳ್ಳುವುದಾದರೆ ಮಾದರಿಯ ಹೆಸರು, ಮೂಲ ಕೇಬಲ್ ಮತ್ತು ಮೂಲ ಪವರ್ ಅಡಾಪ್ಟರ್ ಮೂರನ್ನೂ ಕೇಳಿ ಪಡೆಯಿರಿ. ಅಡಾಪ್ಟರ್ ಕಳೆದುಹೋಗಿದ್ದರೆ ಪೆಟ್ಟಿಗೆಯ ಮೇಲೆ ಬರೆದಿರುವ ವೋಲ್ಟೇಜ್ ಮತ್ತು ಧ್ರುವದ ಗುರುತು ಎರಡೂ ಹೊಂದುವ ಇನ್ನೊಂದು ಸಿಗುವವರೆಗೆ ವಿದ್ಯುತ್ ಕೊಡಬೇಡಿ.